ನೆಗಡಿಯಿಲ್ಲ, ಜ್ವರವಿಲ್ಲ, ಆದರೂ ಹಸುಗೂಸಿಗೆ ಮುತ್ತು ಬೇಡ

ಹೆರಿಗೆಯಾದ ಮನೆಗೆ ಹೋದಾಗ ನಾವೆಲ್ಲ ಹೇಳುವ ಮಾತೊಂದಿದೆ: "ನನಗೆ ನೆಗಡಿ ಇಲ್ಲ, ಜ್ವರ ಇಲ್ಲ, ಕೊಡು ಮಗೂನ." ಹಾಗೆಂದು ಮಗುವನ್ನು ಎತ್ತಿಕೊಳ್ಳುತ್ತೇವೆ. ಹಣೆಗೆ, ಕೆನ್ನೆಗೆ, ಕೆಲವರು ತುಟಿಗೂ ಮುತ್ತಿಡುತ್ತಾರೆ. ಹೀಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ನೆಗಡಿ ಇರುವುದಿಲ್ಲ. ಆದರೆ ರೋಗ ಹರಡುವುದು ರೋಗಿಯಿಂದ ಮಾತ್ರ ಎಂಬ ನಂಬಿಕೆ ಆ ಮಾತಿನ ಹಿಂದೆ ಇದೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ಈ ತಿಂಗಳು ನೋಡೋಣ. ಹಲಸಿ, ನಂದಗಡ, ಖಾನಾಪುರದ ಕಡೆ ಮಗು ಹುಟ್ಟಿದರೆ ಇಡೀ ಬಳಗವೇ ಬಂದು ಸೇರುತ್ತದೆ. ಹಾಗಾಗಿ ಇದು ನಮ್ಮ ಮನೆಗಳಿಗೇ ಸೇರಿದ ವಿಷಯ.

ಜ್ವರ ಬಂದು ಹೋದ ಮೇಲೆ, ಬಿಸಿಲಿಗೆ ಹೋದ ಮೇಲೆ ಅಥವಾ ತುಂಬ ದಣಿದಾಗ ಕೆಲವರ ತುಟಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳ ಗುಂಪು ಏಳುವುದನ್ನು ನೀವು ಕಂಡಿರಬಹುದು. ಮೊದಲು ಚುರುಚುರು ಎನ್ನುತ್ತದೆ, ಆಮೇಲೆ ನೀರುಗುಳ್ಳೆ, ಆಮೇಲೆ ಹೊಪ್ಪಳೆ. ವಾರ ಹತ್ತು ದಿನಗಳಲ್ಲಿ ತಾನೇ ಮಾಯುತ್ತದೆ. ನಮ್ಮ ಯುನಾನಿ ಗ್ರಂಥಗಳಲ್ಲಿ ಹೀಗೆ ಹರಿದಾಡುವ ಗುಳ್ಳೆಗಳಿಗೆ 'ನಮ್ಲಾ' ಎಂಬ ಹೆಸರಿದೆ. ಅರಬಿಯಲ್ಲಿ ನಮ್ಲಾ ಎಂದರೆ ಇರುವೆ. ಸಫ್ರಾ, ಅಂದರೆ ಪಿತ್ತ ಕೆರಳಿ ಬರುವ ಬಾಧೆ ಎಂದು ಹಕೀಮರು ಅದನ್ನು ವಿವರಿಸಿದರು. ಇಂದು ನಮಗೆ ಅದರ ಹಿಂದಿನ ಜೀವಾಣು ಗೊತ್ತಾಗಿದೆ. ಅದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್.

ಈ ವೈರಸ್ ಒಮ್ಮೆ ಒಳಗೆ ಬಂದರೆ ಮತ್ತೆ ಹೊರಟು ಹೋಗುವುದಿಲ್ಲ. ಹೆಚ್ಚಿನವರಿಗೆ ಇದು ಬಾಲ್ಯದಲ್ಲೇ, ದೊಡ್ಡವರ ಎಂಜಲಿನ ಮೂಲಕ ಅಂಟಿರುತ್ತದೆ. ಬಾಯಿಯ ಚರ್ಮದಿಂದ ನರದ ಎಳೆ ಹಿಡಿದು ಹಿಂದಕ್ಕೆ ಸರಿದು, ಕಿವಿಯ ಮುಂಭಾಗಕ್ಕೆ ತಲೆಬುರುಡೆಯ ಒಳಗಿರುವ ನರಗಂಟಿನಲ್ಲಿ ಮಲಗುತ್ತದೆ. ಆಗಾಗ ಎಚ್ಚೆತ್ತು ಅದೇ ಎಳೆ ಹಿಡಿದು ತುಟಿಗೆ, ಬಾಯಿಗೆ ಮರಳುತ್ತದೆ. ಕೆಲವೊಮ್ಮೆ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಹಲವು ಬಾರಿ ಯಾವ ಗುರುತೂ ಇಲ್ಲದೆ ಜೊಲ್ಲಿನಲ್ಲಿ ಬೆರೆತು ಒಂದೆರಡು ದಿನ ಹೊರಬಿದ್ದು ಮತ್ತೆ ಮಲಗುತ್ತದೆ. ಉರಿಯಿಲ್ಲ, ನೋವಿಲ್ಲ, ಕನ್ನಡಿಯಲ್ಲಿ ನೋಡಿಕೊಂಡರೂ ಏನೂ ಕಾಣುವುದಿಲ್ಲ. ಲಕ್ಷಣವಿಲ್ಲದೆ ವೈರಸ್ ಹೊರಬೀಳುವುದು ಎಂದರೆ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ನೂರಕ್ಕೆ 64 ಮಂದಿಯಲ್ಲಿ, ಈ ವೈರಸ್ಸಿನ ಮೊದಲ ಬಗೆ ಇದೆ. ಹತ್ತು ಮಂದಿ ಮಗುವನ್ನು ನೋಡಲು ಬಂದರೆ ಅವರಲ್ಲಿ ಆರು ಮಂದಿಯೊಳಗೆ ಅದು ಮಲಗಿದೆ ಎಂದಿಟ್ಟುಕೊಳ್ಳಿ. ಬರೆಯುತ್ತಿರುವ ನಾನೂ ಆ ಆರರಲ್ಲಿ ಒಬ್ಬನಿರಬಹುದು.

ದೊಡ್ಡವರಿಗೆ ಇದರಿಂದ ತೊಂದರೆ ಕಡಿಮೆ. ಹುಟ್ಟಿದ ಮೊದಲ ನಾಲ್ಕು ವಾರಗಳ ಮಗುವಿನ ಮಾತೇ ಬೇರೆ. ಅದರ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ವೈರಸ್ ಚರ್ಮ, ಕಣ್ಣು, ಬಾಯಿಗೆ ನಿಲ್ಲದೆ ಮಿದುಳಿಗೆ, ಯಕೃತ್ತಿಗೆ, ಶ್ವಾಸಕೋಶಕ್ಕೆ ಹರಡಬಹುದು. ಔಷಧಿ ಇಲ್ಲದಿದ್ದ ಕಾಲದಲ್ಲಿ ಹೀಗೆ ಮೈಯೆಲ್ಲ ಹರಡಿದ ಮಕ್ಕಳಲ್ಲಿ ನೂರಕ್ಕೆ 85 ಮಂದಿ ಉಳಿಯುತ್ತಿರಲಿಲ್ಲ. ಮಿದುಳಿಗೆ ಮಾತ್ರ ತಗುಲಿದವರಲ್ಲಿ ಅರ್ಧದಷ್ಟು ಮಂದಿ ತೀರಿಕೊಳ್ಳುತ್ತಿದ್ದರು. ಇಂದು ಅಸೈಕ್ಲೋವಿರ್ ಎಂಬ ಔಷಧಿಯನ್ನು ಬೇಗ ರಕ್ತನಾಳಕ್ಕೆ ಕೊಟ್ಟರೆ ಈ ಲೆಕ್ಕ ಬಹಳ ಇಳಿಯುತ್ತದೆ: ಮೈಯೆಲ್ಲ ಹರಡಿದವರಲ್ಲಿ ಸುಮಾರು 30ಕ್ಕೆ, ಮಿದುಳಿನವರಲ್ಲಿ 5ರ ಆಸುಪಾಸಿಗೆ. ಆದರೆ ಮಿದುಳಿಗೆ ತಗುಲಿ ಬದುಕಿದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಫಿಟ್ಸ್, ಬೆಳವಣಿಗೆಯ ಕುಂಠಿತ ಉಳಿದುಬಿಡುತ್ತದೆ.

ಹೆದರಿಸುವುದು ನನ್ನ ಉದ್ದೇಶವಲ್ಲ. ಈ ಕಾಯಿಲೆ ಅಪರೂಪ. ಜಗತ್ತಿನಲ್ಲಿ ಒಂದು ಲಕ್ಷ ಹೆರಿಗೆಗೆ ಸುಮಾರು 10 ಮಕ್ಕಳಿಗೆ ಬರುತ್ತದೆ ಎಂಬ ಅಂದಾಜಿದೆ. ಅದರಲ್ಲೂ ನೂರಕ್ಕೆ 85ರಷ್ಟು ಬರುವುದು ಹೆರಿಗೆಯ ಹೊತ್ತಿನಲ್ಲಿ, ತಾಯಿಯ ಜನನ ಮಾರ್ಗದಿಂದ. ಹುಟ್ಟಿದ ಮೇಲೆ ಬೇರೆಯವರ ಬಾಯಿಯಿಂದ, ಕೈಯಿಂದ ತಗುಲುವುದು ಹತ್ತರಲ್ಲಿ ಒಂದು. ಆದರೆ ತಡೆಯಲು ನಮ್ಮ ಕೈಯಲ್ಲಿ ಅತ್ಯಂತ ಸುಲಭವಾಗಿರುವುದು ಆ ಒಂದನ್ನೇ. ಅದಕ್ಕೆ ಹಣ ಬೇಡ, ಮಾತ್ರೆ ಬೇಡ.

ಆಸ್ಪತ್ರೆಯವರಿಂದಲೂ ಬರಬಹುದೇ?

ಬರಬಹುದು. ಹೆರಿಗೆ ವಾರ್ಡಿನ ನರ್ಸ್, ಆಯಾ, ವೈದ್ಯರು ಎಲ್ಲರೂ ನಮ್ಮಂತೆಯೇ ಮನುಷ್ಯರು, ಅವರ ಬಾಯಲ್ಲೂ ಅದೇ ವೈರಸ್ ಇರುತ್ತದೆ. 1980ರಲ್ಲಿ ಆಸ್ಟ್ರೇಲಿಯಾದ ಒಂದು ಹೆರಿಗೆ ಆಸ್ಪತ್ರೆಯ ಸಿಬ್ಬಂದಿಯನ್ನೇ ಪರೀಕ್ಷಿಸಿದ ವರದಿಗಳು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು. ತುಟಿಯಲ್ಲಿ ಯಾವ ಗುಳ್ಳೆಯೂ ಇಲ್ಲದೆ ವೈರಸ್ ಹೊರಹಾಕುವ ಸಿಬ್ಬಂದಿಯ ಬಗ್ಗೆಯೇ ಅದರಲ್ಲೊಂದು ವರದಿಯಿತ್ತು. ಒಬ್ಬ ನರ್ಸ್ ಒಂದೇ ಪಾಳಿಯಲ್ಲಿ ಹಲವು ಮಕ್ಕಳನ್ನು ಮುಟ್ಟುತ್ತಾಳೆ. ಆದ್ದರಿಂದ ಈ ಪ್ರಶ್ನೆ ಆಸ್ಪತ್ರೆಗೆ ಸಣ್ಣದಲ್ಲ.

ಹಾಗಾದರೆ ಎಲ್ಲರನ್ನೂ ಪರೀಕ್ಷಿಸಿ ವೈರಸ್ ಇದ್ದವರನ್ನು ಹೊರಗಿಡಬಾರದೇಕೆ? ಹೊರಗಿಟ್ಟರೆ ಆಸ್ಪತ್ರೆ ನಡೆಸಲು ಜನವೇ ಉಳಿಯುವುದಿಲ್ಲ. ಮೇಲಾಗಿ ಇಂದು ಜೊಲ್ಲಿನಲ್ಲಿ ಸಿಗದ ವೈರಸ್ ನಾಳೆ ಸಿಗುತ್ತದೆ. ಇಂದಿನ ಪರೀಕ್ಷೆಯ ಚೀಟಿ ನಾಳೆಗೆ ಉಪಯೋಗವಿಲ್ಲ. ಅದಕ್ಕೇ ವೈದ್ಯಶಾಸ್ತ್ರ ಬೇರೆ ದಾರಿ ಹಿಡಿದಿದೆ. ಬೆರಳಿನಲ್ಲಿ ಈ ಗುಳ್ಳೆ ಎದ್ದ ಸಿಬ್ಬಂದಿ ಮಾಯುವವರೆಗೂ ಯಾವ ರೋಗಿಯನ್ನೂ ಮುಟ್ಟಬಾರದು. ತುಟಿಯಲ್ಲಿ ಗುಳ್ಳೆ ಇರುವವರು ಅದನ್ನು ಮುಚ್ಚಿಕೊಳ್ಳಬೇಕು, ಹಸುಗೂಸುಗಳ ಘಟಕದಿಂದ ಸಾಧ್ಯವಾದಷ್ಟು ದೂರ ಇರಬೇಕು. ಗುಳ್ಳೆ ಇಲ್ಲದವರೂ ಸೇರಿ ಎಲ್ಲರೂ, ಪ್ರತಿ ಮಗುವಿನ ಮುಂಚೆ, ಪ್ರತಿ ಮಗುವಿನ ನಂತರ, ಕೈ ತೊಳೆಯಬೇಕು. ಯಾರು ಹೊತ್ತಿದ್ದಾರೆಂದು ಗೊತ್ತಿಲ್ಲದಾಗ ನಿಯಮ ಎಲ್ಲರಿಗೂ ಒಂದೇ ಆಗಬೇಕಾಗುತ್ತದೆ.

ಈ ಪಾಠವನ್ನು ವೈದ್ಯರು ಕಷ್ಟಪಟ್ಟು ಕಲಿತದ್ದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಬಾಣಂತಿ ಜ್ವರದಿಂದ ತಾಯಂದಿರು ಸಾಲುಸಾಲಾಗಿ ಸಾಯುವುದನ್ನು ನೋಡಿದ. ಶವ ಕೊಯ್ದು ಬಂದ ವೈದ್ಯರ ಕೈಗಳೇ ಕಾರಣ ಎಂದು ಶಂಕಿಸಿ, ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ವಾರ್ಡಿಗೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಅದು ಬ್ಯಾಕ್ಟೀರಿಯಾದ ಕಥೆ, ವೈರಸ್ಸಿನದಲ್ಲ. ಆದರೆ ಅಲ್ಲಿಯೂ ಸೋಂಕು ಹೊತ್ತು ತಂದವರು ರೋಗಿಗಳಾಗಿರಲಿಲ್ಲ, ಗಟ್ಟಿಮುಟ್ಟಾದ ವೈದ್ಯರು. ತಮ್ಮ ಕೈಯೇ ಕಾರಣ ಎಂಬುದನ್ನು ಒಪ್ಪಲು ಆ ಕಾಲದ ಅನೇಕ ವೈದ್ಯರಿಗೆ ಮನಸ್ಸು ಬರಲಿಲ್ಲ. ಅದಕ್ಕೂ ಐನೂರು ವರ್ಷ ಹಿಂದೆ, ಪ್ಲೇಗ್ ಬಂದ ಕಾಲದಲ್ಲಿ, ಗ್ರಾನಡಾದ ಇಬ್ನುಲ್ ಖತೀಬ್ ರೋಗಿಯ ಸಂಪರ್ಕದಿಂದ, ಅವನ ಬಟ್ಟೆ ಪಾತ್ರೆಗಳಿಂದ ರೋಗ ಅಂಟುತ್ತದೆ, ಇದು ಕಣ್ಣಾರೆ ಕಂಡ ಸಂಗತಿ ಎಂದು ವಾದಿಸಿದ್ದರು. ನಮ್ಮ ಹಿರಿಯರು ಇಂಥ ವಿಷಯಗಳಲ್ಲಿ ಕಣ್ಣು ಮುಚ್ಚಿ ಕುಳಿತವರಲ್ಲ.

ಕೊರೊನಾ ಕಾಲದಲ್ಲಿ 'ಲಕ್ಷಣರಹಿತ' ಎಂಬ ಪದ ನಮ್ಮ ಮನೆಮನೆಗೂ ಬಂತು. 2020ರ ಏಪ್ರಿಲ್‌ನಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಸೋಂಕು ಹೆಚ್ಚಿದ್ದ ಪ್ರದೇಶಗಳ ಗರ್ಭಿಣಿಯರಲ್ಲಿ ಐದು ದಿನದೊಳಗೆ ಹೆರಿಗೆ ಆಗಬಹುದಾದವರನ್ನು ಲಕ್ಷಣ ಇಲ್ಲದಿದ್ದರೂ ಪರೀಕ್ಷಿಸಿ ಎಂದಿತು. ಅದೇ ದಿನಗಳಲ್ಲಿ ಸೋಂಕನ್ನು ಒಂದು ಸಮುದಾಯದ ಹೆಸರಿಗೆ ಅಂಟಿಸಿದ ಕಹಿಯನ್ನೂ ನಾವು ಉಂಡಿದ್ದೇವೆ. ಹಾಗಿರುವಾಗ ಈ ಲೇಖನ ಓದಿ ಆಸ್ಪತ್ರೆಯ ನರ್ಸ್‌ಗಳ ಕಡೆ ಬೆರಳು ತೋರಿಸುವುದು ನಮಗೆ ಒಪ್ಪುವುದಿಲ್ಲ. ಆಸ್ಪತ್ರೆ ಬೇಡ, ಮನೆಯಲ್ಲೇ ಹೆರಿಗೆ ಮಾಡಿಸೋಣ ಎಂಬ ಯೋಚನೆಯಂತೂ ಬೇಡವೇ ಬೇಡ. ಮನೆಯಲ್ಲಿ ಹೆರಿಗೆ ಮಾಡಿಸುವವರ ಬಾಯಲ್ಲೂ ಇದೇ ವೈರಸ್ ಇದ್ದೀತು, ಅಲ್ಲಿ ರಕ್ತಸ್ರಾವ ನಿಲ್ಲಿಸುವ ವ್ಯವಸ್ಥೆ ಇರುವುದಿಲ್ಲ. ಆಸ್ಪತ್ರೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟೆ: ಮಗುವನ್ನು ಮುಟ್ಟುವ ಮುನ್ನ "ಸಿಸ್ಟರ್, ಕೈಗೆ ಸ್ಯಾನಿಟೈಸರ್ ಹಾಕ್ಕೊಂಡ್ರಾ?" ಎಂದು ನಗುಮುಖದಿಂದ ಕೇಳಿ. ಒಳ್ಳೆಯ ಸಿಸ್ಟರ್ ಬೇಸರಪಡುವುದಿಲ್ಲ. ಆಮೇಲೆ ನಿಮ್ಮ ಕಡೆಯಿಂದ ಬರುವ ಹದಿನೈದು ಜನರಿಗೂ ಅದೇ ಪ್ರಶ್ನೆ ಕೇಳಿ.

ನಮ್ಮ ಮನೆಯೊಳಗಿನ ಮಾತು

"ನಾನು ವುಝೂನಲ್ಲಿದ್ದೇನೆ, ಕೈ ಪಾಕ್ ಇದೆ" ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ವುಝೂ ಇಬಾದತ್‌ನ ಶುದ್ಧಿ. ದಿನಕ್ಕೆ ಐದು ಹೊತ್ತು ಕೈ ಬಾಯಿ ತೊಳೆಯುವ ಅಭ್ಯಾಸ ದೊಡ್ಡ ಉಪಕಾರವೇ. ಆದರೆ ಬರಿ ನೀರಿಗೆ ಈ ವೈರಸ್ ಸಾಯುವುದಿಲ್ಲ. ಅದರ ಮೇಲೆ ಜಿಡ್ಡಿನ ಹೊದಿಕೆ ಇದೆ, ಅದನ್ನು ಒಡೆಯುವುದು ಸಾಬೂನು ಅಥವಾ ಆಲ್ಕೋಹಾಲ್ ಇರುವ ಸ್ಯಾನಿಟೈಸರ್. ಝುಹರ್‌ಗೆ ವುಝೂ ಮಾಡಿ ಬಸ್ಸಿನ ಕಂಬಿ ಹಿಡಿದು ಬೆಳಗಾವಿಗೆ ಬಂದವರ ವುಝೂ ಉಳಿದಿರಬಹುದು, ಕೈ ಮಾತ್ರ ಮತ್ತೆ ಸಾಬೂನು ಕೇಳುತ್ತದೆ. ಉಂಗುರ, ಬಳೆ ತೆಗೆದಿಟ್ಟು, ಬುರ್ಖಾದ ತೋಳು ಮೇಲಕ್ಕೆ ಮಡಚಿ, ಉಗುರಿನ ಸಂದು ಬಿಡದೆ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಉಜ್ಜಿ ತೊಳೆಯಿರಿ. ಮೆಹಂದಿಯಿಂದ ತೊಂದರೆ ಇಲ್ಲ, ಉದ್ದ ಉಗುರಿನಿಂದ ಇದೆ. ದಿನವಿಡೀ ಧರಿಸಿ ಉಸಿರಿಗೆ ಒದ್ದೆಯಾದ ನಕಾಬ್ ಮಾಸ್ಕಿಗೆ ಬದಲಾಗುವುದಿಲ್ಲ. ಅದನ್ನು ಸರಿಸಿ ಮಾಸ್ಕ್ ಹಾಕಿಕೊಳ್ಳಿ.

ಕಷ್ಟದ ವಿಷಯ ಮುತ್ತಿನದು. ನಾನಿ, ದಾದಿ, ಖಾಲಾ, ಫುಫ್ಫು ಎಲ್ಲರೂ ಕಾದು ಕುಳಿತಿರುತ್ತಾರೆ. ಮೊದಲ ಚೊಚ್ಚಲ ಬಾಣಂತಿ ಅತ್ತೆಯ ಅಕ್ಕನಿಗೆ "ಮುತ್ತಿಡಬೇಡಿ" ಎಂದು ಹೇಳುವುದು ಹೇಗೆ? ದಯವಿಟ್ಟು ಆ ಮಾತನ್ನು ಅವಳ ಬಾಯಿಂದ ಹೇಳಿಸಬೇಡಿ. ಮಗುವಿನ ತಂದೆ ಹೇಳಲಿ, ಇಲ್ಲವೇ ಅತ್ತೆಯೇ ಮುಂದಾಗಿ "ಡಾಕ್ಟರ್ ಬೇಡ ಅಂದಿದ್ದಾರೆ" ಎನ್ನಲಿ. ಹಾಗೆ ಹೇಳಲು ಈ ಪುಟವನ್ನು ತೋರಿಸಿದರೂ ಸರಿ. ಪ್ರೀತಿ ತಡೆಯದವರು ಮಗುವಿನ ಪಾದ ಸವರಲಿ. ಮುಖ, ತುಟಿ, ಕೈಬೆರಳುಗಳಿಗೆ ಮುತ್ತು ಬೇಡ. ಮಗು ಕೈಯನ್ನು ಬಾಯಿಗಿಟ್ಟುಕೊಳ್ಳುತ್ತದೆ. ತುಟಿಯಲ್ಲಿ ಗುಳ್ಳೆ ಎದ್ದವರು ಹೊಪ್ಪಳೆ ಉದುರಿ ಚರ್ಮ ಒಣಗುವವರೆಗೆ ಮಗು ನೋಡಲು ಬರುವುದನ್ನೇ ಮುಂದೂಡಲಿ. ರೋಗವಿರುವ ಒಂಟೆಗಳನ್ನು ಆರೋಗ್ಯವಿರುವವುಗಳ ಜೊತೆ ಬಿಡಬೇಡಿ ಎಂಬ ಪ್ರವಾದಿ(ಸ)ರ ಸೂಚನೆ ನಮಗೆ ಗೊತ್ತೇ ಇದೆ.

ಕಿವಿಯಲ್ಲಿ ಅಝಾನ್ ಹೇಳುವಾಗ ತುಟಿ ತಾಗಬೇಕಾಗಿಲ್ಲ. ಒಂದು ಗೇಣು ದೂರದಿಂದ, ಮಾಸ್ಕ್ ಹಾಕಿಕೊಂಡೇ, ಮೆಲುದನಿಯಲ್ಲಿ ಹೇಳಬಹುದು. ತಹ್ನೀಕ್‌ನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಸ್ಮಾ ಬಿಂತ್ ಅಬೂಬಕರ್(ರ)ರ ಮಗ ಅಬ್ದುಲ್ಲಾ ಬಿನ್ ಝುಬೈರ್(ರ) ಹುಟ್ಟಿದಾಗ ಪ್ರವಾದಿ(ಸ)ರು ಖರ್ಜೂರ ಜಗಿದು ಮಗುವಿನ ಬಾಯಿಗೆ ಹಚ್ಚಿ ದುಆ ಮಾಡಿದರು ಎಂಬುದು ಹದೀಸ್‌ಗಳಲ್ಲಿದೆ. ಆ ಎಂಜಲಿನಲ್ಲಿ ಬರಕತ್ ಇತ್ತು. ನಮ್ಮ ನಿಮ್ಮ ಎಂಜಲಿನಲ್ಲಿ ಏನಿದೆ ಎಂಬುದನ್ನು ಮೇಲೆ ಓದಿದಿರಿ. ಜಗಿಯದೆ, ಖರ್ಜೂರವನ್ನು ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ, ತೊಳೆದ ಬೆರಳಿಂದ ನುಣ್ಣಗೆ ಮಾಡಿ, ಅಕ್ಕಿಕಾಳಿಗಿಂತ ಕಡಿಮೆ ಅಂಗುಳಿಗೆ ಸವರಿದರೂ ಸಾಕು ಎನ್ನುವ ಆಲಿಮರಿದ್ದಾರೆ. ನಿಮ್ಮ ಮಸೀದಿಯ ಮೌಲಾನಾರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ತೂಕ ಕಡಿಮೆ ಇರುವ, ದಿನ ತುಂಬದ ಮಗುವಿಗೆ ವೈದ್ಯರು ಒಪ್ಪುವವರೆಗೆ ಅದೂ ಬೇಡ. ಜೇನು ಶಿಫಾ ಎಂಬುದು ನಮ್ಮ ವಿಶ್ವಾಸ, ಆದರೆ ಒಂದು ವರ್ಷದೊಳಗಿನ ಮಗುವಿನ ಕರುಳಿಗೆ ಜೇನಿನಲ್ಲಿರಬಹುದಾದ ಬೊಟುಲಿಸಮ್ ಬೀಜಾಣುವನ್ನು ತಡೆಯುವ ಶಕ್ತಿ ಇಲ್ಲ. ಘುಟ್ಟಿ ಹಾಕುವ ಹಳೆಯ ರೂಢಿಯನ್ನು ನಾನು ಯುನಾನಿ ವೈದ್ಯನಾಗಿಯೂ ಹಸುಗೂಸಿಗೆ ಹೇಳುವುದಿಲ್ಲ. ತಾಯಿಯ ಮೊದಲ ಹಳದಿ ಹಾಲಿಗಿಂತ ಒಳ್ಳೆಯ ಘುಟ್ಟಿ ಯಾವ ದವಾಖಾನೆಯಲ್ಲೂ ತಯಾರಾಗುವುದಿಲ್ಲ. ಲೋಬಾನದ ಹೊಗೆ ಯಾರ ಬಾಯಿಯೊಳಗಿನ ವೈರಸ್ಸನ್ನೂ ಕೊಲ್ಲುವುದಿಲ್ಲ, ಮಗುವಿಗೆ ಕೆಮ್ಮು ತರುತ್ತದೆ. ಏಳನೆಯ ದಿನ ಅಕೀಕಾಗೆ ತಲೆ ಬೋಳಿಸುವವರು ಹೊಸ ಬ್ಲೇಡ್ ಹಾಕಲಿ. ಗೀರಿದ ನೆತ್ತಿಯ ಮೇಲೆ ಮುತ್ತು ಬಿದ್ದರೆ ವೈರಸ್ಸಿಗೆ ಬಾಗಿಲು ತೆರೆದಂತೆ.

ತಾಯಿಗೇ ತುಟಿಯಲ್ಲಿ ಗುಳ್ಳೆ ಎದ್ದರೆ? ಮಗುವನ್ನು ಅವಳಿಂದ ದೂರ ಮಾಡಬೇಡಿ. ಮಾಸ್ಕ್ ಹಾಕಿ, ಕೈ ತೊಳೆದು ಹಾಲುಣಿಸಲಿ, ಮುತ್ತಿಡದಿರಲಿ. ಎದೆಯ ಮೇಲೆಯೇ ಗುಳ್ಳೆ ಇದ್ದರೆ ಆ ಕಡೆ ಮಾತ್ರ ಮಾಯುವವರೆಗೆ ಕುಡಿಸಬಾರದು. ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇನೆ, ಆದರೆ ಬರೆಯದಿದ್ದರೆ ತಪ್ಪಾದೀತು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಹೆಣ್ಣಿಗೆ ಈ ಸೋಂಕು ಗುಪ್ತಾಂಗದಲ್ಲಿ ಮೊದಲ ಬಾರಿ ತಗುಲಿದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 30ರಿಂದ 50. ಮೊದಲಿಂದಲೂ ಇದ್ದವಳಾದರೆ ಅವಳ ರಕ್ತದ ರಕ್ಷಣೆ ಮಗುವಿಗೂ ಸಿಕ್ಕಿರುವುದರಿಂದ ಸಂಭವ ಬಹಳ ಕಡಿಮೆ. ಆದ್ದರಿಂದ ಗಂಡನ ಬಾಯಲ್ಲಾಗಲಿ ಬೇರೆಡೆಯಾಗಲಿ ಗುಳ್ಳೆ ಎದ್ದಿದ್ದರೆ ಆ ತಿಂಗಳುಗಳಲ್ಲಿ ಅವನು ದೂರ ಇರಬೇಕು. ಗರ್ಭಿಣಿಗೆ ಅಲ್ಲಿ ಉರಿ, ಹುಣ್ಣು ಕಾಣಿಸಿದರೆ ನಾಚದೆ ಲೇಡಿ ಡಾಕ್ಟರಿಗೆ ಹೇಳಬೇಕು. ಹೆರಿಗೆ ಹೇಗೆ ಮಾಡಿಸಬೇಕೆಂಬ ನಿರ್ಧಾರ ಅದರ ಮೇಲೆ ನಿಂತಿರುತ್ತದೆ. ಇದು ಚಾರಿತ್ರ್ಯದ ಪ್ರಶ್ನೆಯಲ್ಲ. ಬಾಯಿಯ ವೈರಸ್ಸೇ ಅಲ್ಲಿಗೂ ಹೋಗುತ್ತದೆ.

ಯಾವಾಗ ಓಡಬೇಕು

ಸೋಂಕು ತಗುಲಿದ ಎಷ್ಟೋ ಮಕ್ಕಳ ಮೈಮೇಲೆ ಗುಳ್ಳೆಯೇ ಇರುವುದಿಲ್ಲ, ಅವರ ತಾಯಂದಿರಲ್ಲಿ ಹೆಚ್ಚಿನವರಿಗೆ ತಮಗೆ ಈ ವೈರಸ್ ಇದೆ ಎಂಬುದೇ ಗೊತ್ತಿರುವುದಿಲ್ಲ. ಹಾಗಾಗಿ ಗುಳ್ಳೆಗೆ ಕಾಯಬೇಡಿ. ಮೊದಲ ಆರು ವಾರಗಳಲ್ಲಿ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಚೀಪುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದೆ ಜೋಲುತ್ತಿದ್ದರೆ, ಮೈ 100.4 ಡಿಗ್ರಿ ದಾಟಿ ಬಿಸಿಯಾದರೆ ಅಥವಾ ಮುಟ್ಟಿದರೆ ತಣ್ಣಗಿದ್ದರೆ, ಉಸಿರು ನಿಮಿಷಕ್ಕೆ 60 ಮೀರಿದರೆ, ಕೈಕಾಲು ಅದುರಿದರೆ, ಕಣ್ಣು ಕೆಂಪಾಗಿ ಕೀವು ಬಂದರೆ, ಚರ್ಮದಲ್ಲಿ ಒಂದೇ ಒಂದು ನೀರುಗುಳ್ಳೆ ಕಂಡರೂ ಆ ರಾತ್ರಿಯೇ ಹೊರಡಿ. ನಝರ್ ತಗುಲಿದೆ ಎಂದು ನೀರು ಓದಿಸಲು ಕಾಯಬೇಡಿ, ಅದನ್ನು ದಾರಿಯಲ್ಲೂ ಓದಬಹುದು. ನನ್ನ ದವಾಖಾನೆಗೂ ತರಬೇಡಿ. ಇದು ಜೋಶಾಂದಾ, ಖಮೀರಾಗಳಿಂದ ವಾಸಿಯಾಗುವ ಕಾಯಿಲೆಯಲ್ಲ. ನನ್ನ ಬಳಿ ಕಳೆಯುವ ಒಂದು ಗಂಟೆಯೂ ಮಗುವಿನ ಪಾಲಿಗೆ ನಷ್ಟವೇ.

ಕಾಡಂಚಿನ ನಮ್ಮ ಹಳ್ಳಿಗಳಿಂದ ಮಳೆಗಾಲದಲ್ಲಿ ಖಾನಾಪುರ ತಲುಪುವುದೇ ಹರಸಾಹಸ, ಅಲ್ಲಿಂದ ಬೆಳಗಾವಿಯ ಜಿಲ್ಲಾಸ್ಪತ್ರೆಗೆ ಮತ್ತೆ ದಾರಿ. 108ಕ್ಕೆ ಕರೆ ಮಾಡಿ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಅನಾರೋಗ್ಯದ ಹಸುಗೂಸಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ಔಷಧಿ, ಪರೀಕ್ಷೆ, ಹೋಗಿಬರುವ ವಾಹನ ಎಲ್ಲವೂ ಉಚಿತ. ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ, ಒಳಗೆ ಕರೆದು ಮಗುವನ್ನು ತೋರಿಸಿ. ಅವರಿಗೂ ಸಾಬೂನು ನೀರು ಕೊಡಿ.

ಆಸ್ಪತ್ರೆಯಲ್ಲಿ ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ: ಮನೆಯಲ್ಲಿ ಇಂಥವರಿಗೆ ತುಟಿಗುಳ್ಳೆ ಆಗಿತ್ತು, ಮಗುವಿಗೆ ಮುತ್ತಿಟ್ಟಿದ್ದರು, ಜಗಿದ ಖರ್ಜೂರ ಹಚ್ಚಿದ್ದೆವು. ಯಾರ ಮಾನ ಹೋಗುತ್ತದೋ ಎಂದು ಮುಚ್ಚಿಡಬೇಡಿ. ಆ ಒಂದು ಮಾತಿನಿಂದ ವೈದ್ಯರು ಬೆನ್ನುಹುರಿಯ ನೀರಿನ ಪರೀಕ್ಷೆ ಬೇಗ ಮಾಡಿಸಿ, ವರದಿಗೆ ಕಾಯದೆ ಅಸೈಕ್ಲೋವಿರ್ ಶುರು ಮಾಡಬಹುದು. ಬೆನ್ನಿನ ನೀರು ತೆಗೆದರೆ ಮಗು ಕುಂಟಾಗುತ್ತದೆ ಎಂಬುದು ಬರೀ ಗಾಳಿಮಾತು, ಸಹಿ ಮಾಡಲು ಹಿಂಜರಿಯಬೇಡಿ. ಸೋಂಕು ಚರ್ಮ, ಕಣ್ಣು, ಬಾಯಿಗೆ ಮಾತ್ರ ಇದ್ದರೆ 14 ದಿನ, ಮಿದುಳಿಗೆ ಅಥವಾ ಮೈಯೆಲ್ಲ ಹರಡಿದ್ದರೆ ಕನಿಷ್ಠ 21 ದಿನ ರಕ್ತನಾಳದ ಮೂಲಕ ಔಷಧಿ ಕೊಡುತ್ತಾರೆ. ಆಮೇಲೆ ಆರು ತಿಂಗಳು ಬಾಯಿಗೆ ಹಾಕುವ ಔಷಧಿ ಇರುತ್ತದೆ. ಮಗು ನಗುತ್ತಾ ಆಡುತ್ತಿದೆ ಎಂದು ಮೂರನೆಯ ತಿಂಗಳಿಗೇ ಅದನ್ನು ನಿಲ್ಲಿಸಿಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ತೂಕ ಹೆಚ್ಚಿದಂತೆ ಅಳತೆಯನ್ನೂ ಹೆಚ್ಚಿಸಬೇಕಾಗುತ್ತದೆ, ಆದ್ದರಿಂದ ಕರೆದ ತಾರೀಖಿಗೆ ತಪ್ಪದೆ ಮಗುವನ್ನು ಕರೆದೊಯ್ಯಿರಿ.